ಹೋಲ್ಡಾನ್

ಇಪ್ಪತ್ತೊಂಬತ್ತು ವರ್ಷ ಈ ಊರಿನ ಹೆಸರು ಕೂಗಿದ್ದೇನೆ.
ಭಟ್ಕಳ, ಭಟ್ಕಳ, ಯಾರ್ರೀ ಭಟ್ಕಳ,
ಬಾಗಿಲ ಕಂಬಿಗೆ ಮೊಣಕೈ ಸಿಕ್ಕಿಸಿ
ನಿದ್ದೆಗೆಟ್ಟ ಬಾಯಲ್ಲಿ, ಎಲೆಯಡಿಕೆಯ ಬಾಯಲ್ಲಿ,
ಅಪ್ಪ ತೀರಿದ ಹದಿನಾಲ್ಕನೆಯ ದಿನವೂ.
ನನ್ನ ಲೆಕ್ಕದಲ್ಲಿ ಭಟ್ಕಳ ಅಂದರೆ
ಹತ್ತು ನಿಮಿಷ, ಅರ್ಧ ಚಾ,
ಕಂಟ್ರೋಲರನ ಕಿಟಕಿಯಲ್ಲಿ ಒಂದು ಸಹಿ.
ಆಮೇಲೆ ರೈಟ್.

ಇವತ್ತು ಟಿಕೆಟ್ ತಗೊಂಡು ಇಳಿದೆ.
ಬಸ್ಸು ನನ್ನನ್ನು ಬಿಟ್ಟು ಹೋಯಿತು,
ತಿರುವಿನ ತನಕ ನೋಡಿದೆ.
ಎಡ ಹೆಗಲಿನ ಚೀಲ ಡಿಪೋಕ್ಕೆ ಒಪ್ಪಿಸಿ ವರ್ಷವಾಯಿತು,
ನಡೆಯುವಾಗ ಇನ್ನೂ ಬಲಕ್ಕೇ ವಾಲುತ್ತೇನೆ,
ಒಂದೇ ಮಗ್ಗುಲಿನ ಸರಕು ಇಳಿಸಿದ ದೋಣಿಯ ಹಾಗೆ.

ಹೆದ್ದಾರಿಗೆ ಬೆನ್ನು ಹಾಕಿದರೆ ಸಾಕು, ಊರು ಶುರು.
ಮಲ್ಲಿಗೆಯವಳು ದಾರ ಹಲ್ಲಲ್ಲಿ ಕಡಿದು
ಯಾರಿಗೆ ಅಂತ ಕೇಳಿದಳು. ಗೊತ್ತಿಲ್ಲ ಅಂದೆ.
ಒಂದು ಮೊಳ ಅಂಗಿಯ ಜೇಬಿಗೆ ಬಿತ್ತು.

ಪೇಟೆಯ ನಡುವೆ ಬಸದಿ.
ಕೊಟ್ಟಿಗೆ ಮಾಡಿನ ಇಳಿಜಾರನ್ನು
ಕಲ್ಲಿಗೆ ಕಲಿಸಿದವರು ಯಾರೋ,
ಹಾಸುಗಲ್ಲಿಗೂ ಸೋಗೆಯ ನೆನಪು.
ಒಳಗೆ ಕಂಬ ಎಣಿಸಿದೆ, ತಲೆ ಎಣಿಸಿದ ಚಟ.
ಎರಡನೇ ಸಲಕ್ಕೆ ಒಂದು ಹೆಚ್ಚು ಬಂತು.
ಇಲ್ಲಿಗೆ ಚೆಕಿಂಗಿನವರು ಹತ್ತುವುದಿಲ್ಲ,
ಒಂದು ಕಂಬ ಟಿಕೆಟ್ಟಿಲ್ಲದೆ ನಿಂತಿರಲಿ.

ಆಮೇಲಿನ ಓಣಿಗಳಿಗೆ ನನ್ನಲ್ಲಿ ಸ್ಟೇಜ್ ನಂಬರ್ ಇಲ್ಲ.
ಮರದ ಜಾಲರಿಯ ಹಿಂದೆ ಯಾರೋ ನಗುತ್ತಾರೆ,
ಮಾತು ಕೊಂಕಣಿಯಂತೆ ಕೇಳಿಸಿ
ಹತ್ತಿರ ಹೋದರೆ ಬೇರೆಯೇ.
ಹುರಿದ ಈರುಳ್ಳಿಯ ವಾಸನೆ ಮಾತ್ರ ಪೂರಾ ಅರ್ಥವಾಯಿತು.

"ನೀವು ಕುಮಟಾ ಗಾಡಿ ಕಂಡಕ್ಟರ್ ಅಲ್ಲವಾ?"
ಕೊಡೆ ರಿಪೇರಿಯ ಜಗಲಿಯಿಂದ ಒಬ್ಬ ಮುದುಕ,
ಬಾಯಲ್ಲಿ ಕೊಡೆಯ ಕಡ್ಡಿ.
"ಮೂರು ರೂಪಾಯಿ ಬರಬೇಕಿತ್ತು ನನಗೆ.
ಟಿಕೆಟ್ಟಿನ ಹಿಂದೆ ಬರೆದಿರಿ. ಕೇಳುವುದರೊಳಗೆ ರೈಟ್ ಅಂದಿರಿ."
ಟಿಕೆಟ್ ಉಂಟಾ ಅಂದೆ. ಬಾಯಿ ಚಟ ಹೋಗಿಲ್ಲ ನೋಡಿ.
"ಎಲ್ಲಿಂದ! ಮಗಳು ದೋಣಿ ಮಾಡಿ
ಶರಾಬಿ ಹೊಳೆಯಲ್ಲಿ ಬಿಟ್ಟಳು.
ಈಗ ಅವಳ ಮಗನಿಗೇ ಮೀಸೆ."
ಜೇಬು ತಡವಿದೆ. ಮಲ್ಲಿಗೆ. ನೂರರ ನೋಟು.
"ಚಿಲ್ಲರೆ ಇಲ್ಲ, ಅಲ್ಲವಾ? ಕೂತ್ಕೊಳ್ಳಿ."

ಹೆಸರು ಹಸನ್ ಶಾಬಂದ್ರಿ.
ಹಿಂದಿನವರು ಬಂದರಿನಲ್ಲಿ ಕೂತು
ಹಡಗಿಗೆ ಸುಂಕ ಹಾಕುತ್ತಿದ್ದರಂತೆ, ಹೆಸರು ಅದರಿಂದ.
ಹಾಗಾದರೆ ನಮ್ಮದು ಒಂದೇ ಇಲಾಖೆ ಅಂದೆ.
ಕಡ್ಡಿ ಬಾಯಿಂದ ಬೀಳುವಷ್ಟು ನಕ್ಕ.
ಚಾ ಬಂತು. ಪೂರ್ತಿ ಲೋಟ.
ತಳದ ಸಕ್ಕರೆಯ ರುಚಿ
ಈ ಊರಿನಲ್ಲಿ ನನಗೆ ಇದೇ ಮೊದಲು.

ಹೊಳೆಯ ದಾರಿ ಅವನೇ ತೋರಿಸಿದ.
ಹೊಳೆ ಅಂದರೆ ಈಗ ಕೆಸರು, ಒಂದು ಬೆಳ್ಳಕ್ಕಿ,
ಮಗುಚಿದ ಪ್ಲಾಸ್ಟಿಕ್ ಕುರ್ಚಿ.
ಇಲ್ಲಿಗೇ ಅರಬಸ್ತಾನದ ಕುದುರೆ ಬಂದಿಳಿದದ್ದಂತೆ,
ಇಲ್ಲಿಂದಲೇ ಮೆಣಸು ಹೋದದ್ದಂತೆ.
ಮೆಣಸಿನ ಬಗ್ಗೆ ನನಗೇನೂ ಗೊತ್ತಿಲ್ಲ.
ಕುದುರೆ ಗೊತ್ತು.
ತಿಂಗಳುಗಟ್ಟಲೆ ಅಲುಗಾಡಿ, ಹಲಗೆ ಇಳಿದು,
ಗಟ್ಟಿ ನೆಲದ ಮೇಲೆ ಮೊದಲ ಗೊರಸು ಇಟ್ಟಾಗ
ನೆಲವೇ ಓಡುತ್ತಿರುತ್ತದೆ.
ರಾತ್ರಿ ಪಾಳಿ ಮುಗಿಸಿ ಅಂಗಳದಲ್ಲಿ ನಿಂತು
ತುಳಸಿಕಟ್ಟೆ ಹಿಡಿದುಕೊಂಡವನು ನಾನು.

ಈ ನೀರಿನಲ್ಲಿ ಹೊರಟ ಕೊನೆಯ ಹಡಗು
ನನ್ನ ಅಕ್ಷರದ್ದೇ ಇರಬೇಕು,
ಮೂರು ರೂಪಾಯಿಯ ಸರಕು ಹೊತ್ತು.

ಬಂದರು, ದೀಪದ ಗುಡ್ಡ, ಕೇತಪೈ ದೇವಸ್ಥಾನ
ಯಾವುದೂ ನೋಡಲಾಗಲಿಲ್ಲ.
ಕುಮಟೆಯ ಕೊನೆಯ ಗಾಡಿ ಏಳೂವರೆಗೆ.
ಅದರಲ್ಲಿ ಇವತ್ತು ಬರುವ ಹುಡುಗನನ್ನು
ಕೆಲಸಕ್ಕೆ ಪಳಗಿಸಿದ್ದು ನಾನೇ,
ಒಂದು ನಿಮಿಷ ಕಾಯುವವನಲ್ಲ.

ಹೋಗಲಿ.